ನಾಲ್ಕೂರ ಮೇಡಂ

ಮೇಡಂ ಅವರ ಎಡ ಭುಜ ಬಲಕ್ಕಿಂತ ಸ್ವಲ್ಪ ಇಳಿದಿತ್ತು. ಲ್ಯಾಪ್‌ಟಾಪು, ವೈರುಗಳು, ಒಂದು ಸಣ್ಣ ಪ್ರೊಜೆಕ್ಟರು ತುಂಬಿದ ಚೀಲವನ್ನು ಬಸ್ಸಿನಿಂದ ಬಸ್ಸಿಗೆ ಹೊತ್ತು ಹೊತ್ತು ಅದು ಹಾಗಾಗಿತ್ತು. ಸೀಟು ಸಿಕ್ಕಿದರೂ ಚೀಲವನ್ನು ಕೆಳಗಿಡುತ್ತಿರಲಿಲ್ಲ. ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದರು.

ಕೆ.ಆರ್. ಪೇಟೆಯ ನಮ್ಮ ಕಾಲೇಜಿನಲ್ಲಿ ಅವರು ಕಂಪ್ಯೂಟರ್ ಪಾಠ ಮಾಡುತ್ತಿದ್ದರು. ಆಗ ಸುತ್ತಲಿನ ಕಾಲೇಜುಗಳಿಗೆಲ್ಲ ಒಂದೊಂದು ಕೊರತೆ. ಒಂದು ಕಡೆ ಹೊಸ ಕಂಪ್ಯೂಟರುಗಳಿದ್ದರೆ ಕಲಿಸುವವರಿಲ್ಲ, ಇನ್ನೊಂದು ಕಡೆ ಕಲಿಸುವವರಿದ್ದರೆ ಕೆಲಸಕ್ಕೆ ಬರುವ ಕಂಪ್ಯೂಟರುಗಳಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ ಸುತ್ತಿ, ಪ್ರಿನ್ಸಿಪಾಲರ ಕೋಣೆಗಳ ಮುಂದೆ ಕಾದು, ಕೆಲವೊಮ್ಮೆ ಜಗಳವನ್ನೂ ಆಡಿ, ಮೇಡಂ ನಾಲ್ಕೂ ಊರಿನ ಕಾಲೇಜುಗಳನ್ನು ಒಪ್ಪಿಸಿದರು. ಶನಿವಾರ ಎಲ್ಲರಿಗೂ ಇಂಟರ್‌ನೆಟ್ಟಿನಲ್ಲಿ, ಪರದೆಯ ಮೇಲೆ ಒಂದೇ ಪಾಠ. ಪ್ರಾಕ್ಟಿಕಲ್‌ಗೆ ಒಂದೊಂದು ಕಾಲೇಜಿನವರು ಸರದಿಯ ಮೇಲೆ ಪಾಂಡವಪುರದ ಲ್ಯಾಬಿಗೆ.

"ನಿಮ್ ಹುಡುಗ್ರು ನಮ್ ಕಂಪ್ಯೂಟರ್ ಕೆಡಿಸಿದ್ರೆ?" ಎಂದು ಕೇಳಿದ ಒಬ್ಬ ಪ್ರಿನ್ಸಿಪಾಲರಿಗೆ, "ಮುಟ್ದೆ ಮಡಗಿದ್ರೂ ಕೆಟ್ಟೋಯ್ತವೆ ಸಾರ್. ಮುಟ್ಟಿಯೇ ಕೆಡ್ಲಿ ಬುಡಿ" ಎಂದಿದ್ದರಂತೆ.

ಅವರಿಗೆ ಮುಂಗೋಪ. ತಡವಾಗಿ ಬಂದವರನ್ನು ಬಾಗಿಲಲ್ಲೇ ನಿಲ್ಲಿಸುತ್ತಿದ್ದರು. ಆದರೆ ಶುರುವಾಗಲು ಸತಾಯಿಸುವ ಹಳೆಯ ಕಂಪ್ಯೂಟರಿನ ಬೆನ್ನು ತಟ್ಟಿ, "ಏಳ್ಲಾ ಮಗ, ಬಿಸ್ಲು ಬಂತು" ಎಂದು ರಮಿಸುತ್ತಿದ್ದರು.

ನಾನು ಕೊನೆಯ ವರ್ಷದಲ್ಲಿದ್ದಾಗ ಅವರಿಗೆ ಗಂಟಲ ಕ್ಯಾನ್ಸರಿನ ಆಪರೇಷನ್ ಆಗಿ ದನಿ ಹೋಯಿತು. ಪರೀಕ್ಷೆ ಹತ್ತಿರವಿತ್ತು. ಬೇರೆ ಯಾರೂ ಸಿಗಲಿಲ್ಲ. ಶನಿವಾರದ ಪಾಠವನ್ನೇ ನಿಲ್ಲಿಸಿಬಿಡೋಣ ಎಂಬ ಮಾತು ಬಂತು. ಮೇಡಂ ನನ್ನನ್ನು ಕರೆದು, ಮೊಬೈಲಿನಲ್ಲಿ ಟೈಪು ಮಾಡಿ ತೋರಿಸಿದರು: 'ನೀನು ಮಾಡು.'

ನಾನು ಸಂತೆಬಾಚಹಳ್ಳಿಯ ರೈತರ ಮನೆಯ ಹುಡುಗಿ. ಕಾಲೇಜಿಗೆ ಬಂದ ಮೇಲೆ ಬಾಯಿ ಬಿಡುವುದನ್ನೇ ಕಡಿಮೆ ಮಾಡಿದ್ದೆ. "ನನ್ ಮಾತ್ ಕೇಳಿ ನಗ್ತಾರೆ ಮೇಡಂ. ಬಾಯ್ಬುಟ್ರೆ ಅಂಗೆ ಇಂಗೆ ಅಂತೀನಿ" ಎಂದೆ. ಅವರು ಮತ್ತೆ ಟೈಪು ಮಾಡಿದರು: 'ಅಂಗೇ ಹೇಳು. ಅವರ ಮನೆಯಲ್ಲೂ ಅಂಗೇ ಮಾತಾಡೋದು.'

ಒಂದೇ ಕೆಲಸವನ್ನು ಕಂಪ್ಯೂಟರಿನಿಂದ ಮತ್ತೆ ಮತ್ತೆ ಮಾಡಿಸುವ 'ಲೂಪ್' ಅಂದಿನ ಪಾಠ. ನನ್ನ ಮೊದಲ ಮಾತಿಗೇ ಪರದೆಯ ಆಚೆ ಯಾರೋ ಕಿಸಕ್ಕೆಂದರು. ಕ್ಯಾಮೆರಾ ಪಕ್ಕ ನಿಂತಿದ್ದ ಮೇಡಂ, ಮುಂದುವರಿಸು ಎಂದು ಕೈ ಬೀಸಿದರು. ಕಲಿತ ಮಾತೆಲ್ಲ ಮರೆತು, ಗೊತ್ತಿದ್ದುದನ್ನು ಹೇಳಿದೆ: "ಕಬ್ಬಿನ್ ಗದ್ದೇಲಿ ಒಂದ್ ಸಾಲ್ಗೆ ನೀರ್ ಕಟ್ತೀರಿ. ತುಂಬ್ತು ಅಂದ್ರೆ ಮುಂದಿನ್ ಸಾಲು. ಕೊನೇ ಸಾಲ್ ಮುಗಿಯೋಗಂಟ ಅದೇ ಕೆಲ್ಸ. ಲೂಪ್ ಅಂದ್ರೆ ಇಷ್ಟೇಯ."

ನಗು ನಿಂತಿತ್ತು. ನಾಗಮಂಗಲದ ಕಡೆಯಿಂದ ಒಬ್ಬ ಹುಡುಗಿ, "ಅಕ್ಕಾ, ಇನ್ನೊಂದ್ಸಲ ಯೋಳಿ" ಎಂದಳು. ಮೇಡಂ ಕಡೆ ನೋಡಿದೆ. ದನಿಯಿಲ್ಲದೆ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಪರೀಕ್ಷೆಯವರೆಗೂ ಪಾಠ ನಡೆಯಿತು. ಇವತ್ತು ಕಲಿಸುವುದೇ ನನ್ನ ಕೆಲಸ. ಆ ಶನಿವಾರ ಇಲ್ಲದಿದ್ದರೆ ನನಗೆ ಇದು ಹೊಳೆಯುತ್ತಲೂ ಇರಲಿಲ್ಲ. ಮೇಡಂ ಅವರ ದನಿ ಮರಳಲಿಲ್ಲ, ಕಾಯಿಲೆ ಮರಳಿತು. ಹೋದ ವರ್ಷ ತೀರಿಕೊಂಡರು.

ಕ್ಯಾತನಹಳ್ಳಿಯ ಅವರ ಮನೆ ಮುಂದೆ ಅಂದು ಎಲ್ಲೆಲ್ಲಿಂದಲೋ ಬಂದವರು ನಿಂತಿದ್ದೆವು. ಅವರ ತಾಯಿ ನಮ್ಮನ್ನೆಲ್ಲ ಒಂದು ಸುತ್ತು ನೋಡಿ ಕೇಳಿದರು: "ನೀವೆಲ್ಲಾ ಯಾವೂರೋರವ್ವ?"

ನಾನು ಊರುಗಳ ಹೆಸರು ಹೇಳಲು ಹೊರಟೆ. ಪಕ್ಕದಲ್ಲಿದ್ದ ಶ್ರೀರಂಗಪಟ್ಟಣದ ಹುಡುಗ, "ಎಲ್ಲಾ ಒಂದೇ ಕ್ಲಾಸ್ನೋರು ಕಣವ್ವ" ಎಂದ. ಅವನನ್ನು ನಾನು ಪರದೆಯ ಹೊರಗೆ ನೋಡಿದ್ದು ಅದೇ ಮೊದಲು.