ಬೆಳಕಾದ ಮೇಲೆ ರೋಗಿ

ಕೋಳಿ ಕೂಗುವುದಕ್ಕೆ ಮುಂಚೆ ಸೊಣ್ಣಮ್ಮ ಕೊಟ್ಟಿಗೆಯ ಸಗಣಿ ಬಾಚಬೇಕು, ಗಂಜಲ ತೊಳೆಯಬೇಕು, ಬಾವಿಯಿಂದ ನೀರು ಸೇದಿ ಎಮ್ಮೆಗಳ ತೊಟ್ಟಿ ತುಂಬಬೇಕು, ಹುಲ್ಲು ಹಾಕಬೇಕು, ಸೌದೆ ಒಡೆದು ಅಡಿಗೆಮನೆಯ ಬಾಗಿಲಾಚೆ ಜೋಡಿಸಬೇಕು, ಪಕ್ಕದ ಗೋಡೆಗೆ ಬೆರಣಿ ತಟ್ಟಬೇಕು. ಆಮೇಲೆ ಉಗುರಿನ ಸಂದಿಯವರೆಗೂ ಕೈ ತೊಳೆದು, ಜಗಲಿಯ ಮಂಚ ಹತ್ತಿ, ಕಂಬಳಿ ಹೊದ್ದು ಮಲಗಬೇಕು. ಬೆಳಕಾದ ಮೇಲೆ ಅವಳು ರೋಗಿ.

ಗೊರಗುಂಟೆಪಾಳ್ಯದ ಆ ಮನೆಯಿಂದ ಯಶವಂತಪುರದ ಕಡೆಯ ನೂಲಿನ ಗಿರಣಿಗೆ ಅವಳು ದಿನಾ ನಡೆದು ಹೋಗಿಬರುತ್ತಿದ್ದಳು. ನೂಲನ್ನು ಕಂಡಿಕೆಗೆ ಸುತ್ತುವ ಕೆಲಸ. ಅರವತ್ತೊಂದನೆಯ ಇಸವಿಯ ಚಳಿಗಾಲದಲ್ಲಿ ಕೆಮ್ಮಿನ ಜೊತೆ ರಕ್ತ ಬಂತು. ಕಾರ್ಮಿಕರ ವಿಮೆಯ ಡಾಕ್ಟರು ಎದೆಯ ಫೋಟೋ ತೆಗೆಸಿ ಕ್ಷಯ ಎಂದರು, ದೀರ್ಘ ರಜೆ ಬರೆದುಕೊಟ್ಟರು. ಚಿಕಿತ್ಸೆ ನಡೆಯುವಷ್ಟು ಕಾಲ ಗಿರಣಿಯವರು ಅವಳನ್ನು ತೆಗೆಯುವಂತಿಲ್ಲ. ಹೆಚ್ಚುಕಡಿಮೆ ಅರ್ಧ ಕೂಲಿ ವಿಮೆಯಿಂದ ಬರುತ್ತದೆ. ಅವಳೂ ಕೆಲವು ನಿಯಮದಂತೆ ನಡೆದುಕೊಳ್ಳಬೇಕು: ಸೂಜಿ ತಪ್ಪಿಸಬಾರದು, ಹೇಳದೆ ಊರು ಬಿಡಬಾರದು, ಮೈ ದಣಿಯುವ ಕೆಲಸ ಮಾಡಬಾರದು. ಮಲಗಿರು ಎಂದು ಅವಳಿಗೆ ಹುಟ್ಟಿದಾಗಿನಿಂದ ಯಾರೂ ಅಪ್ಪಣೆ ಮಾಡಿರಲಿಲ್ಲ.

ಅತ್ತೆ ದೊಡ್ಡಮುನಿಯಮ್ಮ ಅವಳಿಗೆ ತಟ್ಟೆ, ಲೋಟ ಬೇರೆ ಇಟ್ಟಳು. "ಒಲೆ ಮುಟ್ಬ್ಯಾಡ, ಬೀಸೋ ಕಲ್ ಮುಟ್ಬ್ಯಾಡ. ಮಕ್ಕಳು ತಿನ್ನೋದು." ಮುಟ್ಟಿದರೆ ರೋಗ ಅಂಟದ ಕೆಲಸವೆಂದರೆ ಮನೆಯ ಆಚೆಯದು. ಸೊಸೆ ಗಿರಣಿಗೆ ಹೋಗುತ್ತಿದ್ದಾಗ ಅತ್ತೆಯೇ ನೋಡಿಕೊಳ್ಳುತ್ತಿದ್ದ ಕೊಟ್ಟಿಗೆ ಹೀಗೆ ರೋಗಿಯ ಪಾಲಿಗೆ ಬಂತು. ವಿಮೆ ಕಛೇರಿಯ ಆನಂದಪ್ಪ ಹೇಳದೆ ಕೇಳದೆ ಸೈಕಲ್ಲಿನಲ್ಲಿ ಬಂದು ನೋಡಿಹೋಗುತ್ತಾನೆಂದು ತಿಳಿದ ಮೇಲೆ ಕೆಲಸವೆಲ್ಲ ಕತ್ತಲಿಗೆ ಸರಿಯಿತು.

ಒಂದು ಬೆಳಿಗ್ಗೆ ಆನಂದಪ್ಪ ಬಂದಾಗ ಅವಳು ಮಂಚದ ಮೇಲಿದ್ದಳು.

"ರೆಸ್ಟು ಸಿಕ್ತಿದ್ಯೇನಮ್ಮಾ?"

"ಮಾರಾಣಿ ಅಂಗೆ ಬಿದ್ಕೊಂಡವ್ಳೆ ಸ್ವಾಮಿ," ಎಂದಳು ಅತ್ತೆ ಬಾಗಿಲಿನಿಂದ. "ಇಂಥಾ ಕಾಯ್ಲೆ ನಮಗೂ ಬರಬಾರ್ದಾ."

ಅವನು ಗೋಡೆ ನೋಡಿದ. ಬೆರಣಿ ಇನ್ನೂ ಹಸಿಯಾಗಿತ್ತು. "ಯಾರು ತಟ್ಟಿದ್ದು?"

"ನಾನೇ," ಎಂದಳು ಅತ್ತೆ.

ದೊಡ್ಡಮುನಿಯಮ್ಮನ ಅಗಲ ಅಂಗೈಯನ್ನೂ ಬೆರಣಿಯ ಮೇಲಿದ್ದ ಸಣ್ಣ ಬೆರಳಿನ ಗುರುತುಗಳನ್ನೂ ಒಮ್ಮೆ ನೋಡಿ, ಅವನು ಸೊಣ್ಣಮ್ಮನ ಕಡೆ ತಿರುಗಿದ. "ನೋಡಮ್ಮ, ನಾನು ಕಣ್ಣಲ್ಲಿ ಕಂಡಿದ್ದನ್ನೇ ಬರೀಬೇಕು. ನೀನು ಕೆಲಸ ಮಾಡ್ತಿದ್ರೆ ದುಡ್ಡು ನಿಂತೋಗಬಹುದು. ಮನೇಲಿ ರೆಸ್ಟೇ ಇಲ್ಲ ಅಂತ ನೀನೇ ಹೇಳಿದ್ರೆ ಆಸ್ಪತ್ರೇಲಿ ಮಂಚ ಕೊಡಿ ಅಂತ ಕೇಳಬಹುದು. ರೆಸ್ಟು ಇದೆಯೋ, ಇಲ್ವೋ?"

ಅತ್ತೆಯ ಕೈ ಸೊಣ್ಣಮ್ಮನ ಮಗಳು ಗೋಪಾಲಿಯ ಹೆಗಲ ಮೇಲಿತ್ತು.

"ಇದೆ ಸ್ವಾಮಿ," ಎಂದಳು ಸೊಣ್ಣಮ್ಮ.

ಅವತ್ತು ಗಂಡ ಪಿಳ್ಳಪ್ಪ ಊಟಕ್ಕೆ ಕೂತಾಗ, ಇನ್ನು ತನ್ನ ಕೈಲಾಗುವುದಿಲ್ಲ ಎಂದು ಹೇಳಿ ನೋಡಿದಳು.

"ಸಂಜೆಗಂಟ ಮಲಗೇ ಇರ್ತೀಯಲ್ಲೇ," ಎಂದ ಅವನು, ಮುದ್ದೆ ಮುರಿಯುತ್ತ.

"ಬುಡು, ಅವಳು ಏಳೋದು ಬ್ಯಾಡ," ಎಂದಳು ಅತ್ತೆ. "ಗೋಪಾಲಿನ ಇಸ್ಕೂಲ್ ಬುಡಿಸಿ ಕೊಟ್ಟಿಗೇಗೆ ಏಳಿಸ್ತೀನಿ."

ಸೊಣ್ಣಮ್ಮನೇ ಏಳುತ್ತ ಬಂದಳು. ಮಳೆಗಾಲ ಹಿಡಿದ ಮೇಲೆ ಒಂದು ದಿನ ನೀರು ಸೇದುವಾಗ ಬಾಯಿ ತುಂಬ ರಕ್ತ ಬಂತು. ಹಗ್ಗ ಬಿಟ್ಟು ಬಾವಿಕಟ್ಟೆಯ ಮರೆಯಲ್ಲಿ ಒರಗಿ ಕೂತವಳು ಏಳುವಷ್ಟರಲ್ಲಿ ಹೊತ್ತು ಏರಿತ್ತು. ಪಿಳ್ಳಪ್ಪ ಹಾಲು ತೆಗೆದುಕೊಂಡು ಹೋಗಿದ್ದ, ಅತ್ತೆ ತೋಟಕ್ಕೆ ಹೋಗಿದ್ದಳು, ಹುಡುಗಿ ಸ್ಕೂಲಿಗೆ. ಸಗಣಿ ಬುಟ್ಟಿ ಮಾತ್ರ ಗೋಡೆಯ ಬುಡದಲ್ಲಿ ಹಾಗೇ ಇತ್ತು.

ಗೋಡೆಯವರೆಗೆ ನಡೆದಾಗ ಹೊಂಗೆ ಮರದ ತಿರುವಿನಲ್ಲಿ ಆನಂದಪ್ಪನ ಸೈಕಲ್ಲು ಕಾಣಿಸಿತು.

ಕೈ ತೊಳೆದು ಮಂಚ ಹತ್ತುವಷ್ಟು ಸಮಯವಿತ್ತು. ಮಲಗಿದರೆ ಅವನು ಮತ್ತೆ ಅದನ್ನೇ ಕೇಳುತ್ತಾನೆ, ಅವಳ ಬಾಯಿ ಮತ್ತೆ ಇದೆ ಎನ್ನುತ್ತದೆ. ಕೆಲಸ ಮಾಡುವುದನ್ನು ಕಂಡರೆ ಏನು ಬರೆಯುತ್ತಾನೋ. ದುಡ್ಡು ನಿಂತರೆ ಗಿರಣಿಯೂ ಕೈಬಿಡುತ್ತದೆ, ಇದೇ ಕೊಟ್ಟಿಗೆಯನ್ನು ಇನ್ನು ಹಗಲಿನಲ್ಲೇ ಬಾಚಬೇಕಾಗುತ್ತದೆ. ಆಸ್ಪತ್ರೆಯಲ್ಲಿ ಮಂಚ ಸಿಕ್ಕಿದರೆ ಈ ಗೋಡೆಯ ಮೇಲೆ ಗೋಪಾಲಿಯ ಬೆರಳುಗಳು ಮೂಡುತ್ತವೆ. ಮೂರನೆಯದೊಂದು ಇದೆಯೇ ಎಂದು ಅವಳು ಹುಡುಕಲಿಲ್ಲ. ಅಷ್ಟು ಉಸಿರಿರಲಿಲ್ಲ.

ಬುಟ್ಟಿಯಿಂದ ಒಂದು ಉಂಡೆ ತೆಗೆದು ಗೋಡೆಗೆ ತಟ್ಟಿದಳು. ಸೈಕಲ್ಲು ಬೇಲಿಯ ಹತ್ತಿರ ನಿಂತ ಸದ್ದಾಯಿತು. ತಿರುಗದೆ, ಇನ್ನೊಂದು ಉಂಡೆಗೆ ಬಗ್ಗಿದಳು.