ಜಾರದ ಏಣಿ

ಆರ್.ಟಿ. ನಗರದ ಒಂದು ಖಾಸಗಿ ಶಾಲೆಯಲ್ಲಿ ನಾನು ಹದಿನಾಲ್ಕು ವರ್ಷ ಕನ್ನಡ ಪಾಠ ಮಾಡಿದೆ. ಆಮೇಲೆ ಶಾಲೆಯವರು ಪಠ್ಯಕ್ರಮ ಬದಲಿಸಿದರು. ಕನ್ನಡದ ಪೀರಿಯಡ್‌ಗಳು ವಾರಕ್ಕೆ ಎರಡಕ್ಕೆ ಇಳಿದವು, ಇಬ್ಬರು ಟೀಚರ್‌ಗಳಲ್ಲಿ ಒಬ್ಬರು ಸಾಕು ಎಂದಾಯಿತು. ಹೊರಗೆ ಬಂದವಳು ನಾನು. ತುಮಕೂರು ರಸ್ತೆಯಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ ಅದು. ಮಾಕಳಿಯಲ್ಲಿ ಅಲ್ಯೂಮಿನಿಯಂ ಏಣಿ ಮಾಡುವ ಸಣ್ಣ ಕಾರ್ಖಾನೆಯೊಂದಿದೆ, ಅಲ್ಲಿ ಕನ್ನಡ ಬರೆಯುವವರು ಬೇಕಂತೆ ಎಂದು ಪರಿಚಯದವರೊಬ್ಬರು ಹೇಳಿದರು. ಏಣಿಗೂ ಕನ್ನಡಕ್ಕೂ ಏನು ಸಂಬಂಧ ಎಂದುಕೊಂಡೇ ಯಶವಂತಪುರದಲ್ಲಿ ಬಸ್ಸು ಹತ್ತಿದೆ.

ಯಜಮಾನರು ಆ ಊರಿನವರೇ. ತಾತನ ಕಾಲದ ರಾಗಿ ಹೊಲದಲ್ಲಿ ಮಾರಿ ಉಳಿದಿದ್ದ ಜಾಗಕ್ಕೆ ಶೀಟು ಹೊದಿಸಿ ಶೆಡ್ ಕಟ್ಟಿದ್ದರು. ಒಳಗೆ ಎಂಟು ಹತ್ತು ಜನ ಕೆಲಸದವರು, ಅವರ ಮೇಲೆ ಐವತ್ತು ದಾಟಿದ ಒಬ್ಬ ಫೋರ್‌ಮನ್. ಪ್ರತಿ ಏಣಿಯ ಜೊತೆ ಒಂದು ಹಾಳೆ ಇಡುತ್ತಿದ್ದರು. ಅದು ಎಂಥ ಏಣಿ, ಹೇಗೆ ಬಳಸಬೇಕು ಎನ್ನುವ ವಿವರ ಅದರಲ್ಲಿರಬೇಕು. ಇಂಗ್ಲಿಷಿನಲ್ಲಿದ್ದ ಹಾಳೆಯನ್ನು ಯಾರೂ ಓದುತ್ತಿರಲಿಲ್ಲ.

"ಟೀಚರಮ್ಮ, ನಮ್ ಏಣಿ ತಗೊಳೋರು ಪೇಂಟರ್‌ಗಳು, ಕರೆಂಟ್ ಕೆಲ್ಸದೋರು, ಶಾಮಿಯಾನದೋರು. ಓದುದ್ರೆ ಮನ್ಸಿಗ್ ನಾಟ್ಬೇಕು. ಅಂಗೆ ಬರೀರಿ," ಎಂದರು ಯಜಮಾನರು.

ನಾನು ಉತ್ಸಾಹದಿಂದಲೇ ಶುರು ಮಾಡಿದೆ. ಹಳೆಯ ಹಾಳೆಯಲ್ಲಿದ್ದ 'ಅತ್ಯುತ್ತಮ', 'ಶ್ರೇಷ್ಠ', 'ಉನ್ನತ ಗುಣಮಟ್ಟ' ಎಂಬರ್ಥದ ಇಂಗ್ಲಿಷ್ ಮಾತುಗಳನ್ನೆಲ್ಲ ಹೊಡೆದುಹಾಕಿದೆ. ಅವು ಏಣಿಗೂ ಸಲ್ಲುತ್ತವೆ, ಉಪ್ಪಿನಕಾಯಿಗೂ ಸಲ್ಲುತ್ತವೆ ಎಂದು ಯಜಮಾನರಿಗೆ ಸಣ್ಣ ಪಾಠವನ್ನೇ ಮಾಡಿದೆ. ಅವರು ತಲೆಯಾಡಿಸಿದರು. ಏಣಿಯ ಕಾಲಿಗೆ ಹಾಕುವ ರಬ್ಬರ್ ಬೂಟುಗಳನ್ನು ಕಳಿಸುವವರು ಅವುಗಳ ಪೆಟ್ಟಿಗೆಯ ಮೇಲೆ 'ಆಂಟಿ ಸ್ಕಿಡ್' ಎಂದು ಮುದ್ರಿಸಿದ್ದರು. ಮೊದಲು 'ಜಾರುವುದನ್ನು ತಡೆಯಲು ಸಹಾಯಕ' ಎಂದು ಬರೆದೆ. ಸಪ್ಪೆ ಎನಿಸಿತು. ಮಾರನೆಯ ದಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದಾಗ ಸಾಲು ತಾನಾಗಿ ಬಂತು: 'ಬಾಗದ, ಬಳುಕದ, ಯಾವ ನೆಲದ ಮೇಲೂ ಜಾರದ ಏಣಿ.'

ಎಷ್ಟು ಹೆಮ್ಮೆಪಟ್ಟೆನೆಂದರೆ ಆ ದಿನ ಮನೆಯಲ್ಲಿ ಗಂಡನಿಗೆ ಎರಡು ಸಲ ಓದಿ ಹೇಳಿದೆ. ಯಜಮಾನರಿಗಂತೂ ಭಾರಿ ಖುಷಿ. ಅದನ್ನೇ ದಪ್ಪ ಅಕ್ಷರದಲ್ಲಿ ಹಾಳೆಯ ತಲೆಗೆ ಹಾಕಿಸಿದರು, ಏಣಿಗೆ ಅಂಟಿಸುವ ಸ್ಟಿಕ್ಕರಿನಲ್ಲೂ ಅದೇ. ಫೋರ್‌ಮನ್ ಒಂದು ಹಾಳೆ ತೆಗೆದುಕೊಂಡು ನಿಧಾನವಾಗಿ ಓದಿ, ಕುತ್ತಿಗೆ ಕೆರೆದುಕೊಂಡು, ಮಡಚಿ ಜೇಬಿಗಿಟ್ಟುಕೊಂಡರು. ಏಣಿ ಮಾಡುವ ಮನುಷ್ಯನನ್ನು ನಾನು ಏನೂ ಕೇಳಲಿಲ್ಲ.

ಏಳೆಂಟು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ನಾನು ಆಫೀಸು ಎಂದು ಕರೆಯುತ್ತಿದ್ದ ಗಾಜಿನ ಗೂಡಿನಲ್ಲಿ ಕೂತಿದ್ದಾಗ ಹೆಂಗಸೊಬ್ಬರು ಬಾಗಿಲಿಗೆ ಬಂದು ನಿಂತರು. ಮೂವತ್ತೈದರ ಆಸುಪಾಸು, ನೀಟಾಗಿ ಸೆರಗು ಸಿಕ್ಕಿಸಿದ್ದರು. ಕೈಯಲ್ಲಿ ನಾಲ್ಕಾಗಿ ಮಡಚಿದ್ದ ನಮ್ಮದೇ ಹಾಳೆ. ಯಜಮಾನರೂ ಅಲ್ಲೇ ಇದ್ದರು.

"ಇದನ್ನ ಬರ್ದೋರು ಯಾರು?" ಎಂದು ಕೇಳಿದರು.

"ಯಾಕಮ್ಮ? ಏನಾಯ್ತು?" ಎಂದರು ಯಜಮಾನರು.

"ನಮ್ಮನೆಯವ್ರು ಪೇಂಟರ್, ನಾನು ಬ್ಲೌಸ್ ಹೊಲೀತೀನಿ. ಸಂಜಯನಗರದಲ್ಲಿದ್ದೀವಿ. ನಿಮ್ ಏಣಿಯಿಂದ ಬಿದ್ದು ಬಲಗೈ ಮಣಿಕಟ್ಟು ಮುರ್ಕೊಂಡಿದ್ದಾರೆ."

ಯಜಮಾನರ ಮುಖ ಬಿಗಿಯಿತು. "ಏಣಿ ಇಡೋಕೂ ಒಂದ್ ಕ್ರಮ ಐತಮ್ಮ. ಎಂಗೆಂಗೋ ಇಟ್ರೆ ನಾವೇನ್ ಮಾಡಾನ?"

ಆಕೆ ಜಗಳಕ್ಕೆ ಬಂದಿರಲಿಲ್ಲ. ಕುರ್ಚಿ ತೋರಿಸಿದರೂ ಕೂರದೆ ನಿಂತೇ ಹೇಳಿದರು. "ಇಪ್ಪತ್ತು ವರ್ಷದಿಂದ ಪೇಂಟ್ ಮಾಡ್ತಿದ್ದಾರೆ ಸಾರ್. ನುಣ್ಣಗಿರೋ ನೆಲ ಇದ್ರೆ ಏಣಿ ಕೆಳಗೆ ಒದ್ದೆ ಗೋಣಿಚೀಲ ಹಾಕ್ಕೊಂಡೇ ಹತ್ತೋರು. ಈ ಏಣಿ ತಂದಾಗ ಅವ್ರೇ ಕೇಳಿದ್ರು, ಏನ್ ಬರ್ದಿದೆ ಓದು ಅಂತ. ಅವ್ರಿಗೆ ಓದು ಅಷ್ಟು ಬರಲ್ಲ. ನಾನು ಓದ್ದೆ. ಯಾವ ನೆಲದ ಮೇಲೂ ಜಾರದ ಏಣಿ. ಹಾಗಾದ್ರೆ ಗೋಣಿಚೀಲ ಯಾಕೆ ಹೊತ್ಕೊಂಡ್ ಹೋಗ್ತೀರಾ, ಬಿಡಿ ಅಂತ ಹೇಳಿದ್ದೂ ನಾನೇ."

ಶೆಡ್ಡಿನಿಂದ ರಿವೆಟ್ ಹೊಡೆಯುವ ಸದ್ದು ಬರುತ್ತಿತ್ತು.

"ಬರೆದಿದ್ದು ನಾನಮ್ಮ," ಎಂದೆ.

ಆಕೆ ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತೋ ಏನೋ. "ನೀವು ಆ ಏಣಿ ಹತ್ತಿದ್ದೀರಾ ಮೇಡಂ?" ಎಂದು ಮಾತ್ರ ಕೇಳಿದರು.

ಇಲ್ಲ ಎಂದೆ.

ಬೇರೆ ಏಣಿ ಕೊಡುತ್ತೇನೆ, ಇನ್ನೂ ದೊಡ್ಡದು, ಎಂದರು ಯಜಮಾನರು. "ಏಣಿ ಬೇಡ ಸಾರ್. ಆ ಮಾತು ತೆಗೀರಿ," ಎಂದು ಹೇಳಿ ಆಕೆ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು ಹೊರಟುಹೋದರು.

ಶಾಲೆಯಲ್ಲಿ ನಿಷೇಧ ಕೃದಂತದ ಪಾಠವನ್ನು ನಾನು ಎಷ್ಟು ಸಲ ಮಾಡಿದ್ದೆನೋ. ಓಡದ ಕುದುರೆ, ಹಾಡದ ಹಕ್ಕಿ. ಓಡಿದ, ಓಡುವ ಎಂಬಲ್ಲಿ ಕಾಲ ಗೊತ್ತಾಗುತ್ತದೆ, ಆದರೆ ಓಡದ ಎಂಬಲ್ಲಿ ಕಾಲದ ಗುರುತಿಲ್ಲ ಎಂದು ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸುತ್ತಿದ್ದೆ. 'ಜಾರದ' ಎಂದರೆ ನಿನ್ನೆ ಜಾರಲಿಲ್ಲ, ಇವತ್ತು ಜಾರುವುದಿಲ್ಲ, ನಾಳೆಯೂ ಜಾರುವುದಿಲ್ಲ. ಒಂದು ದಕಾರ ಎಷ್ಟು ದೊಡ್ಡ ಆಣೆ ಇಡುತ್ತದೆ ಎನ್ನುವುದು ಪಾಠ ಮಾಡಿದವಳಿಗೇ ಹೊಳೆದಿರಲಿಲ್ಲ. 'ಅತ್ಯುತ್ತಮ' ಎಂದಿದ್ದರೆ ಆ ಮನುಷ್ಯ ನಂಬುತ್ತಿರಲಿಲ್ಲ, ಗೋಣಿಚೀಲ ಹೊತ್ತುಕೊಂಡೇ ಹೋಗುತ್ತಿದ್ದ. ಅದು ಬರೀ ಹೊಗಳಿಕೆ ಎಂದು ಎಲ್ಲರಿಗೂ ಗೊತ್ತು. ನನ್ನ ಮಾತು ನಿಜದ ಹಾಗೆ ಕೇಳುತ್ತಿತ್ತು, ಅದೇ ತೊಂದರೆಯಾಯಿತು.

ಮಧ್ಯಾಹ್ನ ಊಟವಾದ ಮೇಲೆ ಫೋರ್‌ಮನ್ ಹತ್ತಿರ ಹೋದೆ. "ಈ ಏಣಿ ಎಲ್ಲಿ ಜಾರುತ್ತೆ?" ಎಂದು ಕೇಳಿದೆ.

ಅವರು ಡಬ್ಬಿಯ ಮುಚ್ಚಳ ಹಾಕಿ ಎದ್ದು ನಿಂತರು. "ಈಗ ಕೇಳಿದ್ರಲ್ಲ ಮೇಡಂ, ಬನ್ನಿ," ಎಂದರು.

ಆ ಮಧ್ಯಾಹ್ನವೆಲ್ಲ ಅದೇ ಕೆಲಸ. ಶೆಡ್ಡಿನ ಒರಟು ಸಿಮೆಂಟ್ ನೆಲ, ಹಿಂದಿನ ಅಂಗಳದ ಮಣ್ಣು, ಗ್ರಾನೈಟ್ ಅಂಗಡಿಯಿಂದ ತಂದು ಹಾಕಿದ್ದ ಒಂದು ಚಪ್ಪಡಿ, ಬಚ್ಚಲಿನ ಮುಂದಿನ ಟೈಲ್ಸ್. ಒಂದೊಂದರ ಮೇಲೂ ಏಣಿ ಒರಗಿಸಿ ಫೋರ್‌ಮನ್ ಎರಡನೇ ಮೆಟ್ಟಿಲಿನ ಮೇಲೆ ನಿಲ್ಲುತ್ತಿದ್ದರು, ಇಬ್ಬರು ಪಕ್ಕದಲ್ಲಿ ಹಿಡಿಯಲು ಸಿದ್ಧರಾಗಿರುತ್ತಿದ್ದರು, ನಾನು ಕಂಡದ್ದನ್ನು ಬರೆದುಕೊಳ್ಳುತ್ತಿದ್ದೆ. ಸಿಮೆಂಟ್ ನೆಲಕ್ಕೆ ನೀರು ಹೊಯ್ದರೂ ಏಣಿ ಅಲುಗಲಿಲ್ಲ. ಒದ್ದೆ ಟೈಲ್ಸ್ ಮೇಲೆ ಕಾಲಿಟ್ಟ ಕೂಡಲೇ ಸರಿಯಿತು. ಗ್ರಾನೈಟ್ ಮೇಲೆ, ಒಣಗಿದ್ದಾಗ, ನಿಂತಿತು. ಗೋಡೆ ಉಜ್ಜಿದಾಗ ಬೀಳುವಂಥ ಬಿಳಿ ಪುಡಿಯನ್ನು ಅದೇ ಕಲ್ಲಿನ ಮೇಲೆ ಉದುರಿಸಿದ ಮೇಲೆ ಏಣಿಯ ಕಾಲು ಸದ್ದೇ ಇಲ್ಲದೆ, ಬೆರಳಗಲ ಬೆರಳಗಲವಾಗಿ ಹಿಂದಕ್ಕೆ ಬಂತು.

"ನೋಡಿ, ಜಾರೋ ಮುಂಚೆ ಹೇಳಲ್ಲ ಅದು," ಎಂದು ಫೋರ್‌ಮನ್ ಕೆಳಗೆ ಜಿಗಿದರು. ಆಮೇಲೆ ರಿಪೇರಿಗೆ ಬಂದಿದ್ದ ಹಳೆಯ ಏಣಿಯೊಂದರ ಬೂಟು ಬಿಚ್ಚಿ ನನ್ನ ಕೈಗಿಟ್ಟರು. ಸವೆದ ಚಪ್ಪಲಿಯ ಹಿಮ್ಮಡಿಯ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. "ಎರಡು ವರ್ಷ ಆದ್ರೆ ಇಷ್ಟೇ. ಬದಲಾಯಿಸ್ಬೇಕು ಅಂತ ಯಾರಿಗೂ ಗೊತ್ತಿಲ್ಲ."

ನಾನು ಹೊಸ ಹಾಳೆ ಬರೆದೆ. ಅದನ್ನು ಯಜಮಾನರಿಗೆ ತೋರಿಸುವ ಮೊದಲು ಸಂಜಯನಗರಕ್ಕೆ ಹೋದೆ. ಅವರ ಮನೆ ಹುಡುಕಲು ಕಷ್ಟವಾಗಲಿಲ್ಲ. ಬ್ಲೌಸ್ ಹೊಲಿಯುವವರ ಮನೆ ಎಂದರೆ ಆ ಗಲ್ಲಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಪೇಂಟರ್ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಾಗಿಲ ಬಳಿ ಕೂತಿದ್ದರು, ಸಣ್ಣಗಿನ ನಗುಮುಖದ ಮನುಷ್ಯ. ನಾನು ಯಾರೆಂದು ಹೆಂಡತಿ ಹೇಳಿದಾಗ, "ಅಯ್ಯೋ, ಕೂತ್ಕೊಳಿ ಮೇಡಂ. ನಂದೂ ತಪ್ಪಿದೆ, ಪುಡಿ ಗುಡಿಸದೆ ಹತ್ತಿಬಿಟ್ಟೆ," ಎಂದರು. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಅಲ್ಲಿಗೇ ಬಿಟ್ಟೆ. ಹಾಳೆ ತೆಗೆದು ಅವರ ಹೆಂಡತಿಯ ಕೈಗೆ ಕೊಟ್ಟೆ.

ಅವರು ಹೊಲಿಗೆ ಮಿಷನ್ನಿನ ಮುಂದೆ ಕೂತು ಗಟ್ಟಿಯಾಗಿ ಓದಿದರು. "ನುಣುಪಾದ ನೆಲದ ಮೇಲೆ ಜಾರುವ ಸಾಧ್ಯತೆಯಿದ್ದು, ಸೂಕ್ತ ಎಚ್ಚರಿಕೆ ವಹಿಸತಕ್ಕದ್ದು."

"ಹಂಗಂದ್ರೆ?" ಎಂದರು ಪೇಂಟರ್.

"ಜಾರಬಹುದು, ಹುಷಾರಾಗಿರಿ ಅಂತ," ಎಂದೆ.

"ಹುಷಾರಾಗೇ ಇರ್ತೀವಿ ಮೇಡಂ, ಬೇಕೂಂತ ಯಾರ್ ಬೀಳ್ತಾರೆ? ಯಾವ ನೆಲ, ಏನ್ ಮಾಡ್ಬೇಕು, ಅದು ಹೇಳಿ."

ಮೊದಲ ಸಲ ಸುಳ್ಳು ಬರೆದಿದ್ದೆ. ಈ ಸಲ ನನ್ನನ್ನು ಕಾಪಾಡಿಕೊಳ್ಳಲು ಬರೆದಿದ್ದೆ. ಅಲ್ಲಿಯೇ ಕೂತು, ಅವರು ಕೊಟ್ಟ ಕಾಫಿ ಆರುವವರೆಗೂ ತಿದ್ದಿದೆ. ಒಂದೊಂದು ಸಾಲನ್ನೂ ಆಕೆ ಓದುತ್ತಿದ್ದರು, ಗಂಡ ಕೇಳುತ್ತಿದ್ದರು. ಆಕೆಯ ಓದು ಎಲ್ಲಿ ತಡವರಿಸುತ್ತಿತ್ತೋ ಅಲ್ಲಿ ನಾನು ಪದ ಬದಲಿಸುತ್ತಿದ್ದೆ. ಕೊನೆಗೆ ಉಳಿದದ್ದು ಇದು: 'ಒರಟು ಸಿಮೆಂಟ್ ನೆಲದ ಮೇಲೆ ಈ ಏಣಿಯ ಕಾಲು ಹಿಡಿದು ನಿಲ್ಲುತ್ತದೆ. ಒದ್ದೆ ಟೈಲ್ಸ್ ಮೇಲೆ, ಪುಡಿ ಬಿದ್ದ ನುಣುಪು ಕಲ್ಲಿನ ಮೇಲೆ ಜಾರುತ್ತದೆ. ಅಂಥ ಕಡೆ ನೆಲ ಗುಡಿಸಿ, ಒರೆಸಿ, ಒಣಗಿಸಿ. ಕೆಳಗೆ ಒಬ್ಬರು ಹಿಡಿದುಕೊಂಡಿರದೆ ಹತ್ತಬೇಡಿ. ರಬ್ಬರ್ ಬೂಟು ನುಣ್ಣಗಾದರೆ ಬದಲಾಯಿಸಿ.'

ಯಜಮಾನರು ಓದಿ ಹಾಳೆಯನ್ನು ಮೇಜಿನ ಮೇಲೆ ಎಸೆದರು. "ನಮ್ ಏಣಿ ಜಾರ್ತದೆ ಅಂತ ನಾವೇ ಬರ್ಕೋಬೇಕಾ ಟೀಚರಮ್ಮ? ಇಂಗೆ ಬರುದ್ರೆ ಯಾರ್ ತಗೊಂತಾರೆ? 'ಜಾರಬಹುದು' ಅಂತಾನಾದ್ರೂ ಆಕಿ."

"ಜಾರಬಹುದು ಅಂದ್ರೆ ಜಾರದೇನೂ ಇರಬಹುದು ಅಂತ ಓದ್ಕೋತಾರೆ. ನಾವು ನೋಡಿದಾಗ ಜಾರಿದೆ," ಎಂದೆ.

"ನೀವ್ ನೋಡಿದ್ದೇ ಸರಿಯಿಲ್ಲ," ಎಂದು ಎದ್ದವರೇ ಶೆಡ್ಡಿಗೆ ನಡೆದರು. ಗ್ರಾನೈಟ್ ಚಪ್ಪಡಿ ಅಲ್ಲೇ ಇತ್ತು, ಪುಡಿಯೂ ಇತ್ತು. ಏಣಿ ಒರಗಿಸಿ, ಪಂಚೆ ಮೇಲಕ್ಕೆ ಕಟ್ಟಿ ಸರಸರನೆ ಹತ್ತಿದರು. "ನೋಡಿ, ಏನಾತು? ಏನೂ ಇಲ್ಲ!" ಎಂದು ಮೂರನೇ ಮೆಟ್ಟಿಲಿನ ಮೇಲೆ ನಿಂತು ನಮ್ಮ ಕಡೆ ತಿರುಗಿದರು. ತಿರುಗಿದ್ದೇ ತಡ, ಏಣಿಯ ಕಾಲು ಹಿಂದೆ ಸರಿಯತೊಡಗಿತು. "ಅಣ್ಣಾ!" ಎಂದು ಕೂಗಿ ಫೋರ್‌ಮನ್ ಏಣಿಗೆ ಅಡ್ಡ ಕಾಲು ಕೊಟ್ಟರು, ಇನ್ನಿಬ್ಬರು ಯಜಮಾನರನ್ನು ಸೊಂಟ ಹಿಡಿದು ಇಳಿಸಿಕೊಂಡರು. ಪೆಟ್ಟೇನೂ ಆಗಲಿಲ್ಲ. ಆದರೆ ಅವರ ಮುಖ ಬಿಳಿಚಿಕೊಂಡಿತ್ತು. ಒಬ್ಬರೂ ನಗಲಿಲ್ಲ.

ಒಂದು ಲೋಟ ನೀರು ಕುಡಿದು, "ಬರ್ಕೊಳಿ," ಎಂದರು. ಸ್ವಲ್ಪ ತಡೆದು, "ಗಟ್ಟಿಮುಟ್ಟು ಅಂತಾದ್ರೂ ಆಕಬೋದಾ?" ಎಂದು ಕೇಳಿದರು, ಸೋತ ದನಿಯಲ್ಲಿ.

ಫೋರ್‌ಮನ್ ಮೆಟ್ಟಿಲಿಗೆ ಎರಡು ಸಿಮೆಂಟ್ ಮೂಟೆ ನೇತುಹಾಕಿ ಸಂಜೆಯವರೆಗೆ ಬಿಟ್ಟರು. ಬಾಗಲಿಲ್ಲ. ಎಷ್ಟು ಭಾರ ನೇತುಹಾಕಿ ನೋಡಿದ್ದೇವೆ ಎನ್ನುವುದನ್ನು ಬರೆದು, ಅದರ ಹಿಂದೆ 'ಗಟ್ಟಿಮುಟ್ಟು' ಸೇರಿಸಿದೆ. ಆ ಪದಕ್ಕೆ ಈಗ ನಿಲ್ಲಲು ಜಾಗವಿತ್ತು.

ಹಳೆಯ ಹಾಳೆಗಳನ್ನು ಅಂಗಡಿಗಳಿಂದ ವಾಪಸ್ ತರಿಸಿದೆವು, ಸಿಕ್ಕಷ್ಟು. ಯಶವಂತಪುರದ ಅಂಗಡಿಯವರೊಬ್ಬರು ಹೊಸ ಸ್ಟಿಕ್ಕರನ್ನು ಕಿತ್ತು ಏಣಿ ಮಾರುತ್ತಿದ್ದಾರೆಂದು ತಿಳಿಯಿತು. ಯಜಮಾನರೇ ಹೋಗಿ ಜಗಳವಾಡಿ ಬಂದರಂತೆ. ವ್ಯಾಪಾರ ಕುಸಿಯುತ್ತದೆಂಬ ಅವರ ಭಯ ನಿಜವಾಗಲಿಲ್ಲ, ಏರಿತೆಂದೂ ಹೇಳಲಾರೆ. ಪೇಂಟರ್ ಕೈ ಕೂಡಿಕೊಂಡಿತು, ಆದರೆ ತುಸು ಓರೆಯಾಗಿ. ಬ್ರಷ್ಷನ್ನು ಮೊದಲಿನಂತೆ ತಿರುಗಿಸಲು ಆಗುವುದಿಲ್ಲವೆಂದು ಸೀಲಿಂಗ್ ಅಂಚುಗಳನ್ನು ಎಡಗೈಯಲ್ಲಿ ಬಳಿಯುವುದನ್ನು ಕಲಿತರು. ಅವರು ಅದರ ಮಾತೇ ಎತ್ತುತ್ತಿರಲಿಲ್ಲ.

ಮೆಟ್ರೊ ನಾಗಸಂದ್ರದವರೆಗೆ ಓಡತೊಡಗಿದ ಮೇಲೆ ಆ ಕಡೆಯ ಬೇರೆ ಕಾರ್ಖಾನೆಗಳಿಗೂ ಬರೆಯತೊಡಗಿದೆ. ಗ್ರೈಂಡರ್, ನೀರಿನ ಪಂಪು, ಸ್ಟವ್. ಪ್ರತಿ ಹಾಳೆಯನ್ನೂ ಮೊದಲು ಸಂಜಯನಗರದ ಆ ಮನೆಗೆ ಒಯ್ಯುತ್ತಿದ್ದೆ. ಅಷ್ಟರಲ್ಲಿ ಆಕೆ ನನ್ನನ್ನು ಅಕ್ಕ ಎನ್ನುತ್ತಿದ್ದರು. ಹೊಲಿಯುತ್ತಿದ್ದ ಬಟ್ಟೆ ಪಕ್ಕಕ್ಕಿಟ್ಟು, ಕನ್ನಡಕ ಏರಿಸಿ ಓದುತ್ತಿದ್ದರು. ಒಮ್ಮೆ ಕರೆಂಟಿನ ಸ್ಟವ್ ಒಂದರ ಹಾಳೆ ಓದುತ್ತಾ ಮಧ್ಯದಲ್ಲಿ ನಿಲ್ಲಿಸಿದರು.

"ಹೊರಮೈ ಬಿಸಿಯಾಗುವುದಿಲ್ಲ ಅಂತ ಬರ್ದಿದ್ದೀರಲ್ಲ ಅಕ್ಕ, ಇದು ನೀವು ನೋಡಿದ್ದಾ, ಅವ್ರು ಹೇಳಿದ್ದಾ?"

"ಅವ್ರು ಹೇಳಿದ್ದು."

"ಹಾಗಾದ್ರೆ ಒಂದ್ಸಲ ಹೋಗಿ ನೋಡ್ಕೊಂಡ್ ಬಂದ್ಬಿಡಿ," ಎಂದು ಹಾಳೆ ವಾಪಸ್ ಕೊಟ್ಟರು.

ಮಾರನೆಯ ದಿನ ಹೋದೆ. ಸ್ಟವ್ ಹಚ್ಚಿಸಿ, ಅನ್ನಕ್ಕಿಟ್ಟು, ಅದು ಬೇಯುವವರೆಗೆ ಕಾದು ಸ್ಟವ್‌ನ ಹೊರಮೈ ತಗಡಿನ ಮೇಲೆ ಅಂಗೈ ಇಟ್ಟೆ. ಹತ್ತು ಎಣಿಸುವವರೆಗೆ ಇಡಲು ಆಯಿತು, ಆಮೇಲೆ ತೆಗೆಯಬೇಕಾಯಿತು. ಹಾಗೆಂದೇ ಬರೆದೆ.