ಬಟ್ಟೆಯ ಕೆಳಗಿನ ಕೈ

ಪಲೆರ್ಮೊದ ಬಲ್ಲರೊ ಸಂತೆಯಲ್ಲಿ ರೊಸೋಲಿನೊನ ಬುಟ್ಟಿಯೊಳಗನ್ನು ಕಣ್ಣಾರೆ ಕಂಡವರಿರಲಿಲ್ಲ. ಎಲುಬಿನಿಂದ ಕೆರೆದ ಕರುವಿನ ಮಾಂಸದ ಚೂರುಗಳನ್ನು ಕೊಬ್ಬಿನಲ್ಲಿ ಹುರಿದು, ಕೇಸರಿ ಬೆರೆಸಿ, ಬಿಸಿ ಆರದಂತೆ ಬಟ್ಟೆ ಮುಚ್ಚಿಟ್ಟಿರುತ್ತಿದ್ದ. ಫ್ರಿತ್ತೊಲ ಎಂಬ ಈ ತಿನಿಸನ್ನು ಕೇಳಿದವರಿಗೆ ಬಟ್ಟೆಯಡಿ ಕೈ ತೂರಿಸಿ, ತಡಕಿ, ಒಂದು ಹಿಡಿ ತೆಗೆದು ಕಾಗದದ ಮೇಲಿಡುತ್ತಿದ್ದ. ನೋಡಿ ಕೊಡುವುದು ಆ ಕಸುಬಿನಲ್ಲೇ ಇಲ್ಲ. ಯಾರಿಗೆ ಕೊಬ್ಬು, ಯಾರಿಗೆ ಜಗಿದರೆ ಕರುಂ ಎನ್ನುವ ಎಳೆ ಎಲುಬು ಎಂಬುದು ಅವನ ಬೆರಳುಗಳಿಗೆ ಗೊತ್ತಿತ್ತು. ಬಾಯಲ್ಲಿ ಮೂರೇ ಹಲ್ಲು ಉಳಿದಿದ್ದ ಮುದುಕಿ ದೊನ್ನಾ ನಿನ್ಫಾಗೆ ಪ್ರತಿ ಶನಿವಾರ ಆ ಬೆರಳುಗಳು ಮೆತ್ತನೆಯ ಚೂರುಗಳನ್ನೇ ಆರಿಸುತ್ತಿದ್ದವು.

"ಒಳಗೆ ಬೆಕ್ಕು ಸಾಕಿದ್ದೀಯೇನೋ? ಒಂದ್ಸಲ ತೆಗ್ದು ತೋರ್ಸೋ," ಎಂದು ಎದುರಿನ ಆಲಿವ್ ಅಂಗಡಿಯ ಗಾಸ್ಪರೆ ನಲವತ್ತು ವರ್ಷದಿಂದ ಕಿಚಾಯಿಸುತ್ತಿದ್ದ.

"ಬೆಕ್ಕಲ್ಲ ಕಣೋ, ನಿನ್ನ ನಾಲಗೆ. ನೂರು ಗ್ರಾಂ ಕಟ್ಲಾ?"

ಕಳೆದ ಚಳಿಗಾಲ ರೊಸೋಲಿನೊನಿಗೆ ಹೊಟ್ಟೆಯ ಕ್ಯಾನ್ಸರ್ ಗಡ್ಡೆಗೆಂದು ಆಸ್ಪತ್ರೆಯಲ್ಲಿ ಔಷಧಿ ಏರಿಸಿದರು. ಗಡ್ಡೆ ಕರಗಿತು. ಹತ್ತೂ ಬೆರಳುಗಳ ಸ್ಪರ್ಶವೂ ಅದರ ಜೊತೆಗೇ ಹೋಯಿತು. ಬಿಸಿ ತಿಳಿಯದು, ಮೆತ್ತಗೋ ಗಟ್ಟಿಯೋ ತಿಳಿಯದು. ಅವನು ಯಾರಿಗೂ ಹೇಳಲಿಲ್ಲ. ಹೇಳಿದರೆ ಬುಟ್ಟಿ ಕೆಳಗಿಡಬೇಕಾಗುತ್ತಿತ್ತು. ಚಳಿ ಕಳೆದು ಬಿಸಿಲು ಏರುವ ಹೊತ್ತಿಗೆ ಸಂತೆಗೆ ಮರಳಿದ. ಎಂದಿನಂತೆ ಕೈ ತೂರಿಸಿದ. ಸಿಕ್ಕಿದ್ದನ್ನು ಕೊಟ್ಟ.

"ಹೆಂಗಿದೆ ಅವ್ವ?"

"ಬೆಣ್ಣೆ ಕಣೋ ಮಗಾ. ನಿನ್ ಕೈ ಅಂದ್ರೆ ನಿನ್ ಕೈಯೇ," ಎಂದಳು ನಿನ್ಫಾ, ಗೋಡೆಯ ಕಡೆ ಮುಖ ಮಾಡಿ ತಿನ್ನುತ್ತ.

ಮೂರು ಶನಿವಾರ ಅದೇ ಮಾತು. ತನಗೆ ತಿಳಿಯದಿದ್ದರೂ ಬೆರಳುಗಳಿಗೆ ತಿಳಿಯುತ್ತಿರಬಹುದು ಎಂದುಕೊಂಡ ರೊಸೋಲಿನೊ. ಮನೆಗೆ ಹೋಗುವಾಗ ಅವುಗಳನ್ನು ಜೇಬಿನಲ್ಲಿ ಬೆಚ್ಚಗಿಟ್ಟುಕೊಂಡು ಹೋಗುತ್ತಿದ್ದ.

ನಾಲ್ಕನೆಯ ಶನಿವಾರ ಅವಳ ಕರವಸ್ತ್ರ ಕೆಳಗೆ ಬಿತ್ತು. ಎತ್ತಿಕೊಡಲು ಇವನು ಬಗ್ಗಿದ. ಅದರ ಗಂಟು ಬಿಚ್ಚಿಕೊಂಡಿತ್ತು. ಒಳಗೆ ಜಗಿಯಲಾರದೆ ಉಗುಳಿದ ನರಗಳು, ಎಳೆ ಎಲುಬಿನ ತುಂಡುಗಳು. ಒಂದಕ್ಕೆ ರಕ್ತ ಹತ್ತಿತ್ತು.

"ಅದು... ಬೆಕ್ಕಿಗೆ ಅಂತ ಎತ್ತಿಟ್ಟೆ ಕಣೋ."

ಅವಳ ಮನೆಯಲ್ಲಿ ಬೆಕ್ಕಿರಲಿಲ್ಲ. ಅದು ಇಡೀ ಬೀದಿಗೆ ಗೊತ್ತಿತ್ತು.

ರೊಸೋಲಿನೊ ಕರವಸ್ತ್ರ ಮಡಿಸಿ ಅವಳ ಕೈಗಿತ್ತ. ಬುಟ್ಟಿಯ ಬಳಿ ಹೋದ. ಸಂತೆ ತುಂಬಿ ತುಳುಕುತ್ತಿದ್ದ ಮಧ್ಯಾಹ್ನ, ಎಲ್ಲರೆದುರು, ಬಟ್ಟೆಯನ್ನು ಪೂರ್ತಿ ಸರಿಸಿದ. ಹಬೆ ಎದ್ದು ಹೋಯಿತು. ಕೆಳಗೆ ಇದ್ದದ್ದು ಹಳದಿ ಹತ್ತಿದ ಮಾಂಸದ ಚೂರುಗಳು, ಅಷ್ಟೇ. ಕಣ್ಣು ಕಿರಿದು ಮಾಡಿ, ಬಗ್ಗಿ, ಒಂದೊಂದನ್ನೇ ನೋಡಿ ನೋಡಿ ಮೆತ್ತನೆಯದನ್ನು ಆರಿಸತೊಡಗಿದ. ಒಂದು ಚೂರು ಕೈಯಿಂದ ಜಾರಿ ಬಿದ್ದದ್ದೂ ಅವನಿಗೆ ತಿಳಿಯಲಿಲ್ಲ.

ಗಾಸ್ಪರೆ ಬೆನ್ನು ತಿರುಗಿಸಿ, ಇಲ್ಲದ ಕೆಲಸ ಹುಡುಕಿಕೊಂಡು ಆಲಿವ್ ಕಲಕುತ್ತ ನಿಂತ.

"ಮುಚ್ಚೋ ಮಗಾ," ಎಂದಳು ನಿನ್ಫಾ ಮೆಲ್ಲಗೆ. "ಆರಿ ಹೋಗುತ್ತೆ."